ಪರೀಕ್ಷೆ ಬರೆದಿದ್ದು ಹುಡುಗಿ, ಎದೆ ಉಬ್ಬಿದ್ದು ನನಗೆ. ಇದು ಸರಿನಾ?

ಪಾಟಿಬಳಪ

ಎಲ್ಲರಿಗೂ ನಮಸ್ಕಾರ. ನಾನು ಟೀಚರ್ ಅಲ್ಲ. ಲೆಕ್ಕ ಅಂದರೆ ಇಷ್ಟ, ಅಷ್ಟೇ. ಪರಿಚಯದವರ ಮಗಳಿಗೆ ಗಣಿತ ಸ್ಪರ್ಧೆಗೆ ಅಂತ ವಾರಕ್ಕೊಮ್ಮೆ ಹೇಳಿಕೊಡುತ್ತಾ ಬಂದಿದ್ದೇನೆ. ಹನ್ನೆರಡು ವರ್ಷದ ಹುಡುಗಿ. ಮೊನ್ನೆ ಫಲಿತಾಂಶ ಬಂತು. ಎರಡನೇ ಸುತ್ತಿಗೆ ಆಯ್ಕೆಯಾಗಿದ್ದಾಳೆ.

ಅವಳೇನೋ ಆರಾಮಾಗಿದ್ದಾಳೆ. ಕಾಲು ನೆಲದ ಮೇಲೆ ನಿಲ್ಲದಿರುವುದು ನನಗೆ. ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಕೊನೆಗೆ ನನ್ನ ತಮ್ಮ ಕೇಳಿಯೇಬಿಟ್ಟ: "ಪರೀಕ್ಷೆ ಬರೆದಿದ್ದು ಅವಳು ತಾನೇ? ನೀನ್ಯಾಕೆ ಕುಣೀತಿದ್ದೀಯ?"

ತಮಾಷೆಗೆ ಕೇಳಿದ್ದು. ಆದರೂ ತಲೆಯಲ್ಲಿ ಕೊರೆಯುತ್ತಲೇ ಇದೆ. ಈ ಹೆಮ್ಮೆಯಲ್ಲಿ ನನ್ನ ಪಾಲು ಎಷ್ಟು?

ಹುಡುಗಿ ಮೊದಲಿಂದಲೂ ಚುರುಕು. ಸೂತ್ರ ಗೊತ್ತಿದ್ದರೆ ಸಾಕು, ಉತ್ತರ ತಟ್ಟನೆ ಬರುತ್ತಿತ್ತು. ಸೂತ್ರಕ್ಕೆ ಸಿಗದ ಲೆಕ್ಕ ಕೊಟ್ಟರೆ ಮಾತ್ರ ಪೆನ್ಸಿಲ್ ಕೆಳಗಿಟ್ಟು, "ಇದು ನಮಗೆ ಮಾಡಿಲ್ಲ ಅಕ್ಕಾ" ಅನ್ನುತ್ತಿದ್ದಳು. ಸ್ಪರ್ಧೆಯಲ್ಲಿ ಬರುವುದೆಲ್ಲ ಅಂಥವೇ ಅಲ್ವಾ?

ಒಂದು ಸಲ ಆ ಹಳೇ ಚೆಸ್ ಬೋರ್ಡ್ ಲೆಕ್ಕ ಕೊಟ್ಟೆ. 64 ಮನೆಯ ಬೋರ್ಡ್. ಕರ್ಣದ ಎರಡು ತುದಿಯಲ್ಲಿರುವ ಮೂಲೆ ಮನೆಗಳನ್ನು ಕತ್ತರಿಸಿ ತೆಗೆದರೆ 62 ಉಳಿಯುತ್ತವೆ. ಒಂದು ಡೊಮಿನೊ ಬಿಲ್ಲೆ ಅಕ್ಕಪಕ್ಕದ ಎರಡು ಮನೆಗಳನ್ನು ಮುಚ್ಚುತ್ತದೆ. ಹಾಗಾದರೆ 31 ಬಿಲ್ಲೆಗಳಿಂದ ಇಡೀ ಬೋರ್ಡ್ ಮುಚ್ಚಬಹುದಾ?

ಹಾಳೆ ಮೇಲೆ ಹಾಳೆ ಚಿತ್ರ ಬರೆದಳು. ಪ್ರತಿ ಸಲವೂ ಎರಡು ಮನೆ ಮಿಕ್ಕುತ್ತಿದ್ದವು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಹೇಳಲಿಲ್ಲ. ಆವತ್ತು ಮುಖ ಸಪ್ಪಗೆ ಮಾಡಿಕೊಂಡೇ ಹೋದಳು. ಮುಂದಿನ ವಾರ ಬಂದವಳು ಬಾಗಿಲಲ್ಲೇ ನಿಂತು, "ಮಿಕ್ಕೋ ಎರಡು ಮನೆ ಯಾವಾಗಲೂ ಒಂದೇ ಬಣ್ಣ ಇರುತ್ತೆ ಅಕ್ಕಾ. ಯಾಕೆ?" ಅಂದಳು. ಅಲ್ಲಿಂದ ಉತ್ತರಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಿಜ ಹೇಳಬೇಕು ಅಂದರೆ ಮೊನ್ನೆಯ ಸುದ್ದಿಗಿಂತ ಆ ಸಂಜೆಯೇ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು. ಆದರೆ ಆವತ್ತು ನಾನು ಮಾಡಿದ್ದಾದರೂ ಏನು? ಸುಮ್ನೆ ಕೂತಿದ್ದೆ. ಹೇಳಿಕೊಟ್ಟು ಅನುಭವ ಇರುವವರು ಏನಂತೀರಿ?


ಮಳೆಗಾಲ

ಅಭಿನಂದನೆ! ನೀವು ಕುಣೀರಿ ಮೇಡಂ. ತಮ್ಮಂದಿರು ಇರೋದೇ ಹಾಗೆ ಕೇಳೋಕೆ.


ಹಳೇಮೇಷ್ಟ್ರು

ಸುಮ್ನೆ ಕೂತಿದ್ದೆ ಅಂತ ಅಷ್ಟು ಹಗುರವಾಗಿ ಹೇಳಬೇಡಿ ತಾಯಿ. ಕಷ್ಟದ ಕೆಲಸವೇ ಅದು.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿ ನಿವೃತ್ತನಾದವನು. ತರಗತಿಯಲ್ಲಿ ಸುಮ್ಮನಿರಲು ಆಗುವುದಿಲ್ಲ. ಸಿಲಬಸ್ ಮುಗಿಸಬೇಕು, ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಒಂದೇ ಮಗು ಎದುರಿಗೆ ಕೂತಿದ್ದಾಗ ಮಾತ್ರ ಆ ಪುಣ್ಯ ಸಿಗುವುದು.

ಸುಳಿವು ಕೊಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಲೆಕ್ಕವನ್ನು ಅವರದೇ ಮಾತಿನಲ್ಲಿ ಹೇಳಿಸಬೇಕು. ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ, ಏಕೆಂದರೆ ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದಿರುವುದೇ ಇಲ್ಲ. ಆಮೇಲೆ "ಚಿಕ್ಕದು ಮಾಡಿ ನೋಡು" ಅನ್ನಬೇಕು. ಎಂಟರ ಬೋರ್ಡ್ ಬಿಟ್ಟು ಎರಡರ ಬೋರ್ಡ್ ತೆಗೆದುಕೊಳ್ಳಲಿ. ನಾಲ್ಕೇ ಮನೆ. ಎರಡು ಮೂಲೆ ತೆಗೆದರೆ ಉಳಿದ ಎರಡೂ ಒಂದಕ್ಕೊಂದು ಓರೆಯಾಗಿ ನಿಲ್ಲುತ್ತವೆ. ಒಂದು ಬಿಲ್ಲೆ ಕೂಡ ಇಡಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದು ಕಣ್ಣೆದುರೇ ಇರುತ್ತದೆ. ಅದಕ್ಕೂ ಆಗದಿದ್ದರೆ "ನೀನು ಬಿಲ್ಲೆ ಹೇಗೇ ಇಟ್ಟರೂ ಬದಲಾಗದೇ ಇರುವುದು ಏನು?" ಅಂತ ಕೇಳಬಹುದು. "ಬಣ್ಣ ನೋಡು" ಅನ್ನುವ ಸುಳಿವು ಎಲ್ಲಕ್ಕಿಂತ ಕೊನೆಗೆ. ಆ ಲೆಕ್ಕದಲ್ಲಿ ಬಣ್ಣ ಅನ್ನುವ ಮಾತು ಯಾರ ಬಾಯಲ್ಲಿ ಮೊದಲು ಬರುತ್ತದೋ ಅವರೇ ಲೆಕ್ಕ ಬಿಡಿಸಿದ ಹಾಗೆ. ಉಳಿದದ್ದು ಬರೀ ಎಣಿಕೆ.

ನಿಮ್ಮ ಹುಡುಗಿ ಅದನ್ನು ತಾನೇ ಹೇಳಿದಳು. ನೀವು ಹೇಳಬಹುದಿತ್ತು, ಹೇಳಲಿಲ್ಲ. ನಿಮ್ಮ ಪಾಲು ಅಲ್ಲೇ ಇದೆ. ಧಾರಾಳವಾಗಿ ಹೆಮ್ಮೆ ಪಡಿ.


ಕುತೂಹಲಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ. ಒಂದೇ ಬಣ್ಣ ಆದರೆ ಏನಾಯಿತು? ಯಾಕೆ ಮುಚ್ಚೋಕಾಗಲ್ಲ?


ಪಾಟಿಬಳಪ

@ಕುತೂಹಲಿ ನೀವೂ ಒಂದು ಹಾಳೆ ತಗೊಳ್ಳಿ. ಹೇಳಲ್ಲ.


ಮಳೆಗಾಲ

ನಾನು ಹೇಳ್ತೀನಿ, ನನಗೆ ಅಷ್ಟು ತಾಳ್ಮೆ ಇಲ್ಲ. ಬಿಲ್ಲೆ ಎಲ್ಲೇ ಇಟ್ಟರೂ ಒಂದು ಕಪ್ಪು, ಒಂದು ಬಿಳಿ ಮನೆ ಮುಚ್ಚುತ್ತದೆ. ಕತ್ತರಿಸಿದ ಎರಡೂ ಮೂಲೆ ಒಂದೇ ಬಣ್ಣ. ಅಂದರೆ ಒಂದು ಬಣ್ಣದ್ದು 32, ಇನ್ನೊಂದರದ್ದು 30 ಉಳಿದಿವೆ. 31 ಬಿಲ್ಲೆಗೆ 31 ಕಪ್ಪು, 31 ಬಿಳಿ ಬೇಕು. ಇಲ್ಲವಲ್ಲ. ಮುಗೀತು.


ಹಳೇಮೇಷ್ಟ್ರು

ಮಳೆಗಾಲ ಅವರೇ, ನೀವು ದಯವಿಟ್ಟು ಯಾರಿಗೂ ಟ್ಯೂಷನ್ ಹೇಳಬೇಡಿ.


ರಾತ್ರಿಗೂಬೆ

ನಾನು ಸ್ವಲ್ಪ ಖಾರವಾಗಿ ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಒಂದು ಕಾಲದಲ್ಲಿ ಮೇಜಿನ ಆ ಕಡೆ ಕೂತ ಹುಡುಗ ನಾನು. ನನಗೆ ಹೇಳಿಕೊಡುತ್ತಿದ್ದ ಸರ್‌ಗೆ ನನ್ನ ಮೇಲೆ ಬಹಳ ಅಭಿಮಾನ. ಹೋದಲ್ಲೆಲ್ಲ "ಇವನು ನನ್ನ ಹುಡುಗ" ಅಂತಲೇ ಪರಿಚಯ ಮಾಡಿಕೊಡುವರು. ಮೊದಮೊದಲು ಖುಷಿಯಾಗುತ್ತಿತ್ತು. ಬರಬರುತ್ತಾ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಅಂಕ ಕಡಿಮೆ ಬಂದರೆ ಮನೆಯಲ್ಲಿ ಏನಂತಾರೋ ಅನ್ನುವ ಭಯ ಇರಲಿಲ್ಲ. ಸರ್‌ಗೆ ಹೇಗೆ ಮುಖ ತೋರಿಸಲಿ ಅನ್ನುವುದೇ ಭಯ. ಆಯ್ಕೆಯಾಗದ ವರ್ಷ ಅವರು ಎದುರಿಗೆ ಬಂದರೆ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದೆ. ಅವರು ಒಂದು ದಿನವೂ ಬೈದವರಲ್ಲ. ಬೈದಿದ್ದರೆ ಸುಲಭ ಇತ್ತೇನೋ. ಅವರ ಸಂತೋಷ ನನ್ನ ತಲೆ ಮೇಲಿನ ಹೊರೆ ಆಗಿಬಿಟ್ಟಿತ್ತು.

1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಹಾಕಿದ್ದೀಯ" ಅಂದರು. ಆಮೇಲೆ ಬೇಕಂತಲೇ ಕಷ್ಟದ್ದು ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳಿಗೆ ಸೋತ ಮೇಲೆ ಆ ಲೆಕ್ಕಗಳೇ ಬೇಡವಾದವು. ಮತ್ತೆ ಸುಲಭದ್ದು ಕೊಟ್ಟಾಗಲೂ ಅವರ ಅಂಕ ಮೊದಲಿಗಿಂತ ಇಳಿಯಿತು. ತಮ್ಮ ಅಂಕ ಏರಿಸಿ ಹೇಳಿದವರೂ ಆ ಗುಂಪಿನಲ್ಲೇ ಜಾಸ್ತಿ. ಅದನ್ನು ಓದಿದಾಗ ನನಗೆ ಆ ರಸ್ತೆ ದಾಟಿದ್ದೇ ನೆನಪಾಯಿತು.

ಹಾಗಾಗಿ ನನ್ನ ಪ್ರಶ್ನೆ ಪಾಲು ಎಷ್ಟು ಅನ್ನುವುದಲ್ಲ. ಆ ಹುಡುಗಿ ಎದುರಿಗೆ ನೀವು ಎಷ್ಟು ಕುಣಿದಿರಿ?


ಪಾಟಿಬಳಪ

@ರಾತ್ರಿಗೂಬೆ ಬೇಜಾರಿಲ್ಲ, ಇಂಥದ್ದೇ ಬೇಕಿತ್ತು.

ಅವಳೆದುರು ಕುಣಿಯಲು ಅವಳೇ ಅವಕಾಶ ಕೊಡಲಿಲ್ಲ. ಸುದ್ದಿ ಹೇಳಿದ್ದು ಅವರಮ್ಮ, ಫೋನಿನಲ್ಲಿ. ಹುಡುಗಿ ಬಂದಾಗ "ಅಭಿನಂದನೆ" ಅನ್ನುವಷ್ಟರಲ್ಲಿ ಅವಳು ಪರೀಕ್ಷೆಯ ಲೆಕ್ಕವೊಂದನ್ನು ಬಿಡಿಸಿ ಹೇಳಲು ಶುರು ಮಾಡಿದ್ದಳು. 7ನ್ನು 7ರಿಂದಲೇ ಗುಣಿಸುತ್ತಾ ಹೋಗಿ 7ರ 100ನೇ ಘಾತ ತೆಗೆದರೆ ಅದರ ಕೊನೆಯ ಅಂಕಿ ಯಾವುದು ಅಂತ. "ಮೊದಲು ಭಯ ಆಯ್ತು ಅಕ್ಕಾ. ಆಮೇಲೆ ಚಿಕ್ಕದು ಮಾಡಿದೆ. 7, 49, 343, 2401. ಕೊನೆಯ ಅಂಕಿ 7, 9, 3, 1. ಆಮೇಲೆ ಮತ್ತೆ 7! ನಾಲ್ಕು ನಾಲ್ಕಕ್ಕೆ ತಿರುಗುತ್ತೆ. 100 ನಾಲ್ಕರಿಂದ ಭಾಗವಾಗುತ್ತೆ. ಅದಕ್ಕೆ 1."

ಶೇಷದ ಲೆಕ್ಕ ನಾವು ಮಾಡಿದ್ದೆವು. ಆದರೆ ಕೊನೆಯ ಅಂಕಿ ತಿರುಗುವುದನ್ನು ನಾನು ಯಾವತ್ತೂ ತೋರಿಸಿರಲಿಲ್ಲ. ಪರೀಕ್ಷೆ ಕೋಣೆಯಲ್ಲಿ ಒಬ್ಬಳೇ ಕೂತು ಕಂಡುಕೊಂಡಿದ್ದಾಳೆ. ಮೇಷ್ಟ್ರು ಹೇಳಿದ "ಚಿಕ್ಕದು ಮಾಡಿ ನೋಡು" ಅಷ್ಟೇ ನನ್ನಿಂದ ಹೋಗಿದ್ದು. ನನ್ನ ಹೆಮ್ಮೆ ಅಲ್ಲಿ ಸ್ವಲ್ಪ ಕಣ್ಣಲ್ಲಿ ನೀರಾಗಿಯೂ ಬಂತು, ಅದನ್ನು ಅವಳು ನೋಡಿಲ್ಲ ಅಂದುಕೊಂಡಿದ್ದೇನೆ.


ರಾತ್ರಿಗೂಬೆ

ಹಾಗಿದ್ದರೆ ಪರವಾಗಿಲ್ಲ. ಫಲಿತಾಂಶಕ್ಕಿಂತ ಮೊದಲು ಲೆಕ್ಕ ಹೇಳುವ ಹುಡುಗಿ ರಸ್ತೆ ದಾಟುವುದಿಲ್ಲ.


ಒಬ್ಬ ಅಪ್ಪ

ಹೆತ್ತವರ ಕಡೆಯಿಂದ ಒಂದು ಮಾತು. ನನ್ನ ಮಗ ವಿಜ್ಞಾನ ಸ್ಪರ್ಧೆಗೆ ಒಬ್ಬರ ಹತ್ತಿರ ಹೋಗುತ್ತಾನೆ. ಅವರು ಅವನ ಬಗ್ಗೆ ನಮ್ಮ ಹತ್ತಿರ ಗುಟ್ಟಾಗಿ ಮಾತಾಡುವುದೇ ಇಲ್ಲ. ಏನು ಹೇಳಬೇಕೋ ಅವನೆದುರೇ ಹೇಳುತ್ತಾರೆ. ಈ ವಾರ ಇದು ಬಂತು, ಇದು ಇನ್ನೂ ಬಂದಿಲ್ಲ, ಅಷ್ಟೇ. ಹೊಗಳಿಕೆಯೂ ಇಲ್ಲ, ದೂರೂ ಇಲ್ಲ. ಮೊದಲು ನನಗೆ ಇದೇನಪ್ಪ ಇಷ್ಟು ಒಣ ಮನುಷ್ಯ ಅನ್ನಿಸಿತ್ತು. ಮಗನಿಗೆ ಅವರೆಂದರೆ ಪ್ರಾಣ.

ಇನ್ನೊಂದು ವಿಷಯ. ಖುಷಿಯಲ್ಲಿ ಹುಡುಗಿಯ ಹೆಸರು, ಫೋಟೊ, ಶಾಲೆ ಎಲ್ಲಾದರೂ ಹಾಕುವ ಮೊದಲು ಅವಳನ್ನೂ ಅವಳ ಅಪ್ಪ ಅಮ್ಮನನ್ನೂ ಕೇಳಿ. ನೀವು ಇಲ್ಲಿ ಹಾಕಿಲ್ಲ, ಒಳ್ಳೆಯದು.


ಮಾತುಗಾರ

ನಾನು ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುತ್ತೇನೆ. ನಮ್ಮಲ್ಲಿ ಈ ಪಾಲಿನ ಪ್ರಶ್ನೆ ಇನ್ನೂ ಜೋರು. ಲೆಕ್ಕದಲ್ಲಿ ನೀವು ಪರೀಕ್ಷೆ ಕೋಣೆಗೆ ಹೋಗಲು ಆಗುವುದಿಲ್ಲ. ಚರ್ಚೆಯಲ್ಲಿ ಭಾಷಣ ಬರೆದುಕೊಟ್ಟು ಕಳಿಸುವ ದೊಡ್ಡವರು ಬೇಕಾದಷ್ಟು ಜನ. ಮಗು ವೇದಿಕೆ ಮೇಲೆ ನಿಂತು ಐವತ್ತು ವರ್ಷದವರ ಮಾತು ಆಡುತ್ತಿರುತ್ತದೆ. ತೀರ್ಪುಗಾರರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಆದರೆ ಎದುರಾಳಿ ಎತ್ತಿದ ಆಕ್ಷೇಪಕ್ಕೆ ಅಲ್ಲೇ ಉತ್ತರ ಕೊಡಬೇಕಲ್ಲ, ಅದನ್ನು ಯಾರೂ ಬರೆದುಕೊಡಲು ಬರುವುದಿಲ್ಲ. ನನ್ನ ಹುಡುಗನೊಬ್ಬ ಫೈನಲ್‌ನಲ್ಲಿ ಸೋತ. ಸೋತಿದ್ದು ಅವನದೇ ವಾದದಿಂದ. ಎದುರಿನವಳು ಒಂದು ಗಟ್ಟಿ ಅಂಶ ಎತ್ತಿದಳು. ಇವನು "ಈ ಮಾತು ಸರಿ, ಒಪ್ಪುತ್ತೇನೆ. ಆದರೂ ನನ್ನ ನಿಲುವು ಯಾಕೆ ನಿಲ್ಲುತ್ತದೆ ಅಂದರೆ" ಅಂತ ಶುರು ಮಾಡಿ, ಪೂರ್ತಿ ನಿಲ್ಲಿಸಲು ಆಗದೆ ಸಮಯ ಮುಗಿಯಿತು. ಎದುರಾಳಿಯ ಮಾತು ಒಪ್ಪಿಕೊಂಡು ಮುಂದೆ ಹೋಗುವುದನ್ನು ನಾನು ಎಷ್ಟು ಹೇಳಿದರೂ ಮಕ್ಕಳು ಮಾಡುವುದಿಲ್ಲ, ಸೋಲು ಅಂದುಕೊಳ್ಳುತ್ತಾರೆ. ಇವನು ಸಾವಿರ ಕಣ್ಣುಗಳ ಎದುರು ಮಾಡಿದ. ಕಪ್ ಆ ಹುಡುಗಿಗೆ ಹೋಯಿತು, ನ್ಯಾಯವಾಗಿಯೇ. ನಾನಂತೂ ಗೆದ್ದವರ ಮೇಷ್ಟ್ರಿಗಿಂತ ಜಾಸ್ತಿ ಬೀಗುತ್ತಾ ಮನೆಗೆ ಬಂದೆ.


ಸೊನ್ನೆಒಂದು

ಭಾವನೆ ಎಲ್ಲ ಸರಿ. ಎರಡನೇ ಸುತ್ತಿಗೆ ತಯಾರಿ ಹೇಗೆ ನಡೀತಿದೆ? ಮೊದಲ ಸುತ್ತಿನಲ್ಲಿ ಬಹಳ ಕಡೆ ಬರೀ ಉತ್ತರ ಕೊಟ್ಟರೆ ಸಾಕು. ಮುಂದಿನ ಸುತ್ತುಗಳಲ್ಲಿ ಯಾಕೆ ಅಂತ ಪೂರ್ತಿ ಬರೆದು ತೋರಿಸಬೇಕು. ಚುರುಕು ಮಕ್ಕಳು ಎಡವುವುದು ಇಲ್ಲೇ. ಅವರಿಗೆ ಹೊಳೆದಿರುತ್ತದೆ, ಹಾಳೆ ಮೇಲೆ ಇರುವುದಿಲ್ಲ.

ದೊಡ್ಡ ಸ್ಪರ್ಧೆ ಹೇಗಿರುತ್ತದೆ ಅಂತ ತಿಳಿದಿದ್ದರೆ ಒಳ್ಳೆಯದು. ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಶುರುವಾಗಿದ್ದು 1959ರಲ್ಲಿ, ರೊಮೇನಿಯಾದಲ್ಲಿ. ಎರಡು ದಿನದ ಪರೀಕ್ಷೆ. ದಿನಕ್ಕೆ ಮೂರೇ ಲೆಕ್ಕ, ನಾಲ್ಕೂವರೆ ಗಂಟೆ. ಅಂದರೆ ಒಂದು ಲೆಕ್ಕಕ್ಕೆ ಒಂದೂವರೆ ಗಂಟೆ! ಪ್ರತಿ ಲೆಕ್ಕಕ್ಕೆ 7 ಅಂಕ, ಒಟ್ಟು 42. ಪದಕ ಸಿಗುವುದು ಹೆಚ್ಚೂಕಡಿಮೆ ಅರ್ಧದಷ್ಟು ಮಕ್ಕಳಿಗೆ. ಪದಕ ಸಿಗದಿದ್ದರೂ ಒಂದೇ ಒಂದು ಲೆಕ್ಕಕ್ಕೆ ಪೂರ್ತಿ 7 ತೆಗೆದವರಿಗೆ ಗೌರವ ಪತ್ರ ಇದೆ. ಇದು ನನಗೆ ಬಹಳ ಇಷ್ಟವಾದ ನಿಯಮ. ಪದಕ ತಪ್ಪಿದರೂ ಒಂದನ್ನು ಪೂರ್ತಿ ಮುಗಿಸಿದವರನ್ನು ಅವರು ಗುರುತಿಸುತ್ತಾರೆ.

ಎಲ್ಲ ಲೆಕ್ಕ ಬರಲೇಬೇಕು ಅಂತ ಹುಡುಗಿ ಹಠ ಹಿಡಿದರೆ 1988ರ ಕಥೆ ಹೇಳಿ. ಆ ವರ್ಷದ ಆರನೇ ಲೆಕ್ಕ ಇವತ್ತಿಗೂ ಹೆಸರುವಾಸಿ. ಬರೀ 11 ಸ್ಪರ್ಧಿಗಳು ಪೂರ್ತಿ ಅಂಕ ತೆಗೆದರು. ಮುಂದೆ ಹೆಸರಾಂತ ಗಣಿತಜ್ಞನಾದ ಟೆರೆನ್ಸ್ ಟಾವೊ ಆವತ್ತು ಸ್ಪರ್ಧಿಯಾಗಿ ಆ ಕೋಣೆಯಲ್ಲಿದ್ದ. 1986ರಲ್ಲಿ ಕಂಚು, 1987ರಲ್ಲಿ ಬೆಳ್ಳಿ ಗೆದ್ದು ಬಂದಿದ್ದ ಹುಡುಗ. ಆರನೇ ಲೆಕ್ಕಕ್ಕೆ ಅವನಿಗೆ ಸಿಕ್ಕಿದ್ದು 7ಕ್ಕೆ 1. ಆದರೂ ಆ ವರ್ಷ ಚಿನ್ನ ಬಂತು. 2006ರಲ್ಲಿ ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವೂ ಬಂತು.

ಅಭ್ಯಾಸದ ಬಗ್ಗೆ ಒಂದು ಮಾತು. ಮಾಡಿದ ಲೆಕ್ಕವನ್ನು ಮತ್ತೆ ಮತ್ತೆ ಓದಿಸಬೇಡಿ. ಪುಸ್ತಕ ಮುಚ್ಚಿ, ಕೆಲವು ದಿನ ಬಿಟ್ಟು, ಖಾಲಿ ಹಾಳೆಯಲ್ಲಿ ಮತ್ತೆ ಮಾಡಿಸಿ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವವರು 2006ರಲ್ಲಿ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ಅವರು ಕೊಟ್ಟಿದ್ದು ಲೆಕ್ಕ ಅಲ್ಲ, ಓದುವ ಪಾಠ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ಕೇಳಿದರೆ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಮುಂದೆ. ಲೆಕ್ಕಕ್ಕೂ ಇದೇ ಸರಿ ಅನ್ನುವುದು ನನ್ನ ಅನುಭವ.


ರಾತ್ರಿಗೂಬೆ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಬರೆದ ಉತ್ತರವನ್ನು ಲೆಕ್ಕ ಗೊತ್ತಿಲ್ಲದ ಯಾರಿಗಾದರೂ ಓದಲು ಕೊಡಿ. ಅವರು "ಇಲ್ಲಿ ಯಾಕೆ ಹೀಗಾಯ್ತು?" ಅಂತ ಕೇಳುವ ಜಾಗದಲ್ಲೇ ಅಂಕ ಹೋಗುವುದು.

ಮತ್ತೆ ಪಾಟಿಬಳಪ ಅವರೇ, ನೇರವಾಗಿ ಕೇಳುತ್ತೇನೆ. ಮುಂದಿನ ಸುತ್ತಿನಲ್ಲಿ ರೇಖಾಗಣಿತ ಜಾಸ್ತಿ ಇರುತ್ತದೆ. ಅದು ನಿಮ್ಮ ಕೈಯಲ್ಲಿ ಆಗುತ್ತಾ?


ಪಾಟಿಬಳಪ

ಈ ಪ್ರಶ್ನೆ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ.

ಸಂಖ್ಯೆಗಳ ಲೆಕ್ಕ, ಎಣಿಕೆ ಲೆಕ್ಕ ನಿಭಾಯಿಸುತ್ತೇನೆ. ರೇಖಾಗಣಿತ ಅಷ್ಟಕ್ಕಷ್ಟೇ. ವೃತ್ತದೊಳಗೆ ಎರಡು ಜ್ಯಾ (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ) ಒಂದನ್ನೊಂದು ಕತ್ತರಿಸಿದರೆ, ಒಂದರ ಎರಡು ತುಂಡುಗಳ ಗುಣಲಬ್ಧ ಇನ್ನೊಂದರ ತುಂಡುಗಳ ಗುಣಲಬ್ಧಕ್ಕೆ ಸಮ ಅಲ್ವಾ, ಅಲ್ಲಿವರೆಗೆ ಸರಿ. ಯಾವ ಗೆರೆ ಹೊಸದಾಗಿ ಎಳೆದರೆ ಚಿತ್ರ ಬಾಯಿ ಬಿಡುತ್ತದೆ ಅನ್ನುವುದು ನನಗೆ ಹೊಳೆಯುವುದಿಲ್ಲ. ಅವಳಿಗೆ ಈಗಲೇ ನನಗಿಂತ ಬೇಗ ಹೊಳೆಯುತ್ತದೆ.


ಮಳೆಗಾಲ

ಅದಕ್ಕೇನಂತೆ? ಹುಡುಗಿ ನಿಮ್ಮ ಜೊತೆ ಹೊಂದಿಕೊಂಡಿದ್ದಾಳೆ. ಬೇರೆಯವರ ಹತ್ತಿರ ಕಳಿಸಿ ಅವರಿಗೆ ಹೊಂದದಿದ್ದರೆ? ಇಬ್ಬರೂ ಕೂತು ಕಲಿಯಿರಿ.


ಹಳೇಮೇಷ್ಟ್ರು

ಇಬ್ಬರೂ ಕೂತು ಕಲಿಯುವುದು ಬಹಳ ಚೆಂದ. ಸ್ಪರ್ಧೆಗೆ ದಿನಾಂಕ ಇಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ದಿನಾಂಕ ಇದೆಯಲ್ಲ.

ತಾಯಿ, ರೇಖಾಗಣಿತ ಬಲ್ಲವರನ್ನು ಹುಡುಕಿ. ನೀವೇ ಹುಡುಕಿ, ಅವಳ ಅಪ್ಪ ಅಮ್ಮನಿಗೆ ಬಿಡಬೇಡಿ. ಯಾಕೆಂದರೆ ಅವಳಿಗೆ ಹೇಳಿದರೆ ಎಷ್ಟು, ಹೇಳದಿದ್ದರೆ ಎಷ್ಟು ಅನ್ನುವ ಅಂದಾಜು ನಿಮಗಿದೆ. ಹೊಸಬರು ಮೊದಲ ದಿನವೇ ಬೋರ್ಡ್ ತುಂಬ ಬರೆದು ಉತ್ತರ ಹೇಳಿಬಿಡುವವರಾದರೆ ಬೇಡ ಅನ್ನಿ. ಎಷ್ಟೇ ದೊಡ್ಡ ಪಂಡಿತರಾಗಿರಲಿ.

ಸಂಕಟ ಆಗುತ್ತದೆ. ಗೊತ್ತು. ನನ್ನ ಕೈ ದಾಟಿ ಹೋದ ಮಕ್ಕಳೇ ನನಗೆ ಇವತ್ತಿಗೂ ಫೋನ್ ಮಾಡುವವರು, ಅದೊಂದು ಸಮಾಧಾನ.


ಒಬ್ಬ ಅಪ್ಪ

ಹೆತ್ತವರಿಗೆ ಇದನ್ನು ಹೇಳುವಾಗ "ನನ್ನ ಕೈಲಾಗಲ್ಲ" ಅಂತ ಶುರು ಮಾಡಬೇಡಿ. ನಾವು ಗಾಬರಿಯಾಗುತ್ತೇವೆ. "ಇಷ್ಟು ನಾನು ನೋಡಿಕೊಳ್ಳುತ್ತೇನೆ, ಈ ಭಾಗಕ್ಕೆ ಇಂಥವರು" ಅನ್ನಿ.


ಪಾಟಿಬಳಪ

ಎಲ್ಲರಿಗೂ ಥ್ಯಾಂಕ್ಸ್. ಬೆಳವಣಿಗೆ ಹೇಳುತ್ತೇನೆ.

ಕಾಲೇಜಿನಲ್ಲಿ ಗಣಿತ ಓದುತ್ತಿರುವ ಹುಡುಗನೊಬ್ಬ ಸಿಕ್ಕಿದ್ದಾನೆ. ಹಿಂದೆ ತಾನೂ ಇಂಥ ಸ್ಪರ್ಧೆಗಳನ್ನು ಬರೆದವನು. ಮೊದಲ ತರಗತಿಗೆ ನಾನೂ ಹೋಗಿ ಹಿಂದೆ ಕೂತೆ. ಒಂದು ಚಿತ್ರ ಬರೆದು, "ಇದರಲ್ಲಿ ನಿನಗೆ ಏನೇನು ಸಮ ಅನ್ನಿಸುತ್ತೆ? ಅಳೆಯಬೇಡ, ಊಹಿಸು" ಅಂತ ಕೇಳಿ ಪೆನ್ ಕೆಳಗಿಟ್ಟ. ಬಹಳ ಹೊತ್ತು ಮಾತೇ ಆಡಲಿಲ್ಲ. ಮೇಷ್ಟ್ರೇ, ಪಾಸ್ ಮಾಡಿದೆ.

ಹುಡುಗಿ ಅರ್ಧ ಗಂಟೆಯಲ್ಲಿ ನನ್ನನ್ನು ಮರೆತಳು. ಹಿಂದೆ ತಿರುಗಿ ನೋಡಲೇ ಇಲ್ಲ. ಹೊಟ್ಟೆಕಿಚ್ಚು ಆಯಿತಾ ಅಂದರೆ, ಆಯಿತು. ಜೊತೆಗೆ ಇನ್ನೊಂದೂ ಆಯಿತು. ಅವನು ಒಂದು ಕಡೆ ತಡವರಿಸಿದಾಗ ಇವಳು "ಚಿಕ್ಕದು ಮಾಡಿ ನೋಡೋಣ್ವಾ ಅಣ್ಣ?" ಅಂದಳು. ಮನೆಗೆ ಬಂದು ತಮ್ಮನಿಗೆ ಇದನ್ನು ಹೇಳಿದೆ. ಈ ಸಲ ಅವನೇನೂ ಕೇಳಲಿಲ್ಲ.

ಸಂಖ್ಯೆ ಮತ್ತು ಎಣಿಕೆ ನನ್ನ ಹತ್ತಿರವೇ ಉಳಿದಿದೆ. ಪುಸ್ತಕ ಮುಚ್ಚಿ ಮತ್ತೆ ಮಾಡುವುದನ್ನು ಈ ವಾರದಿಂದ ಶುರು ಮಾಡಿದ್ದೇವೆ. ಅವಳು ಬೈದುಕೊಳ್ಳುತ್ತಲೇ ಮಾಡುತ್ತಿದ್ದಾಳೆ.


ಸೊನ್ನೆಒಂದು

ಬೈದುಕೊಳ್ಳುತ್ತಿದ್ದರೆ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ.


ಕುತೂಹಲಿ

ನನಗೂ ಒಂದು ಲೆಕ್ಕ ಕೊಡಿ ಯಾರಾದರೂ. ಮಳೆಗಾಲ ಅವರು ಉತ್ತರ ಹೇಳಬಾರದು.


ಹಳೇಮೇಷ್ಟ್ರು

ಚೆಸ್ ಬೋರ್ಡಿನಲ್ಲಿ ಒಟ್ಟು ಎಷ್ಟು ಚೌಕಗಳಿವೆ? 64 ಅನ್ನಬೇಡಿ. ದೊಡ್ಡ ಚೌಕಗಳೂ ಲೆಕ್ಕಕ್ಕೆ ಬರಬೇಕು.


ಕುತೂಹಲಿ

65?


ಹಳೇಮೇಷ್ಟ್ರು

ಹೊರಗಿನ ದೊಡ್ಡದನ್ನು ಹಿಡಿದಿರಿ, ಸಂತೋಷ. ನಡುವಿನವು ಎಲ್ಲಿ ಹೋದವು?


ಕುತೂಹಲಿ

ತಡೀರಿ, ಚಿಕ್ಕದು ಮಾಡ್ತೀನಿ. ಎರಡರ ಬೋರ್ಡಿನಲ್ಲಿ 4 ಮತ್ತು 1, ಐದು. ಮೂರರದ್ದರಲ್ಲಿ 9, 4, 1. ಹದಿನಾಲ್ಕು. ಓಹೋ. ಹಾಗಾದರೆ 64, 49, 36, 25, 16, 9, 4, 1 ಎಲ್ಲ ಕೂಡಿದರೆ 204?


ಹಳೇಮೇಷ್ಟ್ರು

204. ಎರಡರ ಚೌಕಗಳು ಯಾಕೆ 49 ಅಂತ ಈಗ ಬರೆದು ತೋರಿಸಿ. ಪೂರ್ತಿ ವಾಕ್ಯಗಳಲ್ಲಿ.